ಬಣ್ಣ ಹತ್ತಿದ ಬೆಳ್ಳಿ ರೂಪಾಯಿಯ ಫೋಟೋ: ನಾನು ಬೆಳಕು ಇಡುವ ರೀತಿ

ಕೊಡಗಿನ ಹಳೇ ಮನೆಗಳಲ್ಲಿ ಬೆಳ್ಳಿ ರೂಪಾಯಿಗೆ ಬಣ್ಣ ಹತ್ತುವುದು ಹೊಸ ವಿಷಯವೇನಲ್ಲ. ಬಟ್ಟೆಯಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಜೂನ್ ಬಂತೆಂದರೆ ಸೆಪ್ಟೆಂಬರ್‌ವರೆಗೆ ಮಳೆ, ಮಂಜು, ಗೋಡೆಯಲ್ಲೂ ತೇವ. ಗಾಳಿಯಲ್ಲಿ, ಕಾಗದ ರಟ್ಟುಗಳಲ್ಲಿ ಇರುವ ಗಂಧಕ ಆ ತೇವದ ಜೊತೆ ಸೇರಿ ಬೆಳ್ಳಿ ಮೇಲೆ ತೆಳ್ಳಗೆ ಒಂದು ಪದರ ಕಟ್ಟುತ್ತದೆ. ಮೊದಲು ತಿಳಿ ಹೊಂಬಣ್ಣ, ಆಮೇಲೆ ಕೆಂಪು-ನೇರಳೆ, ಆಮೇಲೆ ನೀಲಿ. ಇನ್ನೂ ದಪ್ಪ ಆದರೆ ಗುಲಾಬಿ, ಹಸಿರು. ಕೊನೆಗೆ ಬರೀ ಕಪ್ಪು.

ಸೋಮವಾರಪೇಟೆ ಕಡೆಯ ಒಂದು ತೋಟದ ಮನೆಗೆ ಹೋಗಿದ್ದಾಗ ಅಜ್ಜಿಯೊಬ್ಬರು 1907ರ ಎಡ್ವರ್ಡ್ ರೂಪಾಯಿ (ಏಳನೇ ಎಡ್ವರ್ಡ್ ರಾಜನ ಮುಖ ಇರುವುದು) ತೋರಿಸಿದರು. ಅಂಚಿನಲ್ಲಿ ನೀಲಿ ಬಳೆ, ಒಳಗೆ ಕೆಂಪು, ನಡುವೆ ಹೊನ್ನು. "ಕಪ್ಪಾಗಿದೆ ಮಗಾ, ಹುಣಸೆಹಣ್ಣು ಹಾಕಿ ತಿಕ್ಕಿ ಕೊಡ್ಲಾ?" ಅಂದರು. "ಬೇಡ ಅಜ್ಜಿ, ಮುಟ್ಟಲೇಬೇಡಿ, ಹೀಗೇ ಚೆಂದ" ಅಂದೆ. ಹುಣಸೆ, ವಿಭೂತಿ, ಟೂತ್‌ಪೇಸ್ಟ್ ಯಾವುದಾದರೂ ಸರಿ, ತಿಕ್ಕಿದರೆ ಬಣ್ಣವೂ ಹೋಯಿತು, ಟಂಕಸಾಲೆಯ ಹೊಳಪೂ ಹೋಯಿತು. ಮತ್ತೆ ಬರುವುದಿಲ್ಲ.

ಇಂಥ ನಾಣ್ಯದ ಫೋಟೋ ತೆಗೆಯುವಾಗ ಒಂದು ವಿಷಯ ತಲೆಯಲ್ಲಿ ಇರಬೇಕು. ಈ ಬಣ್ಣ ಪೇಂಟ್ ಅಲ್ಲ. ಮಳೆಗಾಲದ ರಸ್ತೆಯ ನೀರಿನ ಮೇಲೆ ಎಣ್ಣೆ ಬಿದ್ದಾಗ ಕಾಣುತ್ತದಲ್ಲ, ಅದೇ ಲೆಕ್ಕ. ಪದರದ ಮೇಲಿಂದ ಮತ್ತು ತಳದಿಂದ ವಾಪಸು ಬರುವ ಬೆಳಕು ಒಂದಕ್ಕೊಂದು ಸೇರಿ ಬಣ್ಣ ಹುಟ್ಟುತ್ತದೆ. ಹಾಗಾಗಿ ದೀಪದ ಬೆಳಕು ನಾಣ್ಯಕ್ಕೆ ಬಡಿದು ನೇರವಾಗಿ ಲೆನ್ಸಿಗೆ ಬಂದರೆ ಮಾತ್ರ ಬಣ್ಣ ಕಾಣುತ್ತದೆ. ದೀಪ ಪಕ್ಕಕ್ಕೆ ಹೋಯಿತೋ, ಅದೇ ನಾಣ್ಯ ಮಸಿ ಬಳಿದ ಬಿಲ್ಲೆ. ಮಂಜು ಕವಿದ ದಿನ ಕಿಟಕಿ ಬೆಳಕಲ್ಲಿ ತೆಗೆದ ಫೋಟೋಗಳು ಸಪ್ಪೆ ಆಗುವುದೂ ಇದಕ್ಕೇ. ಎಲ್ಲಾ ಕಡೆಯಿಂದ ಮೆತ್ತಗಿನ ಬೆಳಕು ಬಿದ್ದರೆ ಹೊಳಪು ಎದ್ದು ಕಾಣುವುದಿಲ್ಲ. ಸಾಲದ್ದಕ್ಕೆ ಕಿಟಕಿ ಆಚೆಯ ಕಾಫಿ ಗಿಡದ ಹಸಿರು ಬೆಳ್ಳಿಯಲ್ಲಿ ಸೇರಿಕೊಂಡಿರುತ್ತದೆ. ನಾನಂತೂ ಪರದೆ ಎಳೆದು, ಕೋಣೆ ಕತ್ತಲೆ ಮಾಡಿಯೇ ಕೂರುವುದು. ಅಂಗಿ ಕೂಡ ಕಪ್ಪು. ಕೆಂಪು ಟೀ ಶರ್ಟ್ ಹಾಕಿ ಕೂತರೆ ರಾಜನ ಕೆನ್ನೆ ಕೆಂಪಾಗುತ್ತದೆ!

ಕ್ಯಾಮೆರಾ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಎಪಿಎಸ್-ಸಿ ಸೆನ್ಸರಿನ (ಫುಲ್ ಫ್ರೇಮಿಗಿಂತ ಸಣ್ಣದು) ಹಳೇ ಬಾಡಿ, ತೀರಾ ಹತ್ತಿರದ ಫೋಟೋಗೆ ಆಗುವ 100 ಎಂಎಂ ಮ್ಯಾಕ್ರೋ ಲೆನ್ಸ್. ರೂಪಾಯಿಯ ಅಗಲ ಸುಮಾರು 30 ಮಿಲಿಮೀಟರ್, ಹಾಗಾಗಿ ಪೂರ್ತಿ 1:1, ಅಂದರೆ ಸೆನ್ಸರ್ ಮೇಲೆ ನಾಣ್ಯದಷ್ಟೇ ದೊಡ್ಡ ಬಿಂಬ, ಬೇಕಾಗುವುದಿಲ್ಲ, ಅದರರ್ಧ ಸಾಕು. 50 ಎಂಎಂ ಲೆನ್ಸೂ ನಡೆಯುತ್ತದೆ, ಆದರೆ ಅದು ನಾಣ್ಯದ ತಲೆ ಮೇಲೇ ಬಂದು ಕೂರುತ್ತದೆ, ದೀಪ ಇಡಲು ಜಾಗ ಇರುವುದಿಲ್ಲ. ಐಎಸ್ಒ 100, ಅಪರ್ಚರ್ ಎಫ್ 8, ಎರಡು ಸೆಕೆಂಡ್ ಟೈಮರ್. ಮರದ ಅಟ್ಟದ ಮೇಲೆ ಟೇಬಲ್ ಹಾಕಬೇಡಿ. ಪಕ್ಕದಲ್ಲಿ ಯಾರಾದರೂ ನಡೆದರೂ ಫೋಟೋ ಅಲುಗುತ್ತದೆ. ನಮ್ಮಲ್ಲಿ ಕೆಳಗಡೆ, ಸಿಮೆಂಟ್ ನೆಲದ ಕೋಣೆಯೇ ಸ್ಟುಡಿಯೋ.

ಕ್ಯಾಮೆರಾ ನೆಟ್ಟಗೆ ಕೆಳಗೆ ನೋಡುತ್ತಿದೆಯೋ ಇಲ್ಲವೋ ತಿಳಿಯಲು ನಾಣ್ಯದ ಜಾಗದಲ್ಲಿ ಒಂದು ಸಣ್ಣ ಕನ್ನಡಿ ಇಡುತ್ತೇನೆ. ಕ್ಯಾಮೆರಾದ ಸ್ಕ್ರೀನಿನಲ್ಲಿ ಲೆನ್ಸಿನ ಪ್ರತಿಬಿಂಬ ಸರಿಯಾಗಿ ಮಧ್ಯಕ್ಕೆ ಬಂದರೆ ಮುಗಿಯಿತು. ಇದಕ್ಕಿಂತ ಒಳ್ಳೇ ಮಟ್ಟಗೋಲು ನಾನು ನೋಡಿಲ್ಲ.

ಇನ್ನು ಬೆಳಕು. ಬಣ್ಣಕ್ಕೆ ಒಂದು ಫೋಟೋ, ಹೊಳಪಿಗೆ ಇನ್ನೊಂದು. ಎರಡನ್ನೂ ಒಂದರಲ್ಲೇ ಹಿಡಿಯುತ್ತೇನೆ ಅನ್ನುವವರ ಜೊತೆ ನನಗೆ ಜಗಳ ಇಲ್ಲ, ಆದರೆ ನಂಬಿಕೆಯೂ ಇಲ್ಲ.

ಬಣ್ಣದ ಫೋಟೋಗೆ ಹಳೇ ಫೋಟೋ ಫ್ರೇಮಿನ ಗಾಜು ಸಾಕು. ಲೆನ್ಸಿಗೂ ನಾಣ್ಯಕ್ಕೂ ನಡುವೆ ಅದನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸುತ್ತೇನೆ. ಪಕ್ಕದಿಂದ ಎಲ್ಇಡಿ ದೀಪ ಅಡ್ಡಲಾಗಿ ಹಾಯಿಸುತ್ತೇನೆ. ಬೆಳಕು ಗಾಜಿಗೆ ಬಡಿದು ನೇರ ಕೆಳಗೆ ನಾಣ್ಯದ ಮೇಲೆ ಇಳಿಯುತ್ತದೆ, ಅಲ್ಲಿಂದ ಬಂದ ದಾರಿಯಲ್ಲೇ ಮೇಲೆ ಬಂದು ಗಾಜು ದಾಟಿ ಲೆನ್ಸಿಗೆ ಸೇರುತ್ತದೆ. ದೀಪದ ಬೆಳಕು ಸೀದಾ ನಾಣ್ಯಕ್ಕೆ ಬೀಳದ ಹಾಗೆ ಕಪ್ಪು ರಟ್ಟು ಅಡ್ಡ ಇಡಬೇಕು, ಎದುರು ಗೋಡೆಗೆ ಕಪ್ಪು ಬಟ್ಟೆ. ಗಾಜು ತೆಳ್ಳಗಿರಲಿ. ದಪ್ಪ ಗಾಜಿನ ಎರಡು ಮೈಯಿಂದಲೂ ಬೆಳಕು ಬಡಿದು ದೀಪವೇ ಎರಡೆರಡು ಆದಂತಾಗುತ್ತದೆ. ಬಂದ ಬೆಳಕಿನಲ್ಲಿ ಹತ್ತರಲ್ಲೊಂದು ಪಾಲಷ್ಟೇ ಕೆಳಗೆ ಇಳಿಯುವುದರಿಂದ ಶಟರ್ ನಿಧಾನ ಆಗುತ್ತದೆ. ಆಗಲಿ, ನಾಣ್ಯ ಎಲ್ಲಿಗೂ ಓಡುವುದಿಲ್ಲ.

ಹೀಗೆ ತೆಗೆದಾಗ ಆ ಎಡ್ವರ್ಡ್ ರೂಪಾಯಿ ನಿಜಕ್ಕೂ ಉರಿದಂತೆ ಕಂಡಿತು. ಅಂಚಿನ ಚುಕ್ಕೆಗಳ ಹತ್ತಿರ ಗಾಢ ನೀಲಿ, ರಾಜನ ಗಡ್ಡದ ಮುಂದೆ ಕಿತ್ತಳೆ, ಅಕ್ಷರಗಳ ಸುತ್ತ ಕೂದಲೆಳೆ ಅಗಲಕ್ಕೆ ಬಣ್ಣವೇ ಹತ್ತದ ಬಿಳಿ ಜಾಗ. ಆದರೆ ಮುಖ ಚಪ್ಪಟೆ. ನೆರಳೇ ಇಲ್ಲವಲ್ಲ.

ಹೊಳಪಿಗೆ ಗಾಜು ತೆಗೆದಿಡುತ್ತೇನೆ. ಅಚ್ಚು ಒತ್ತುವಾಗ ಲೋಹ ನಡುವಿನಿಂದ ಅಂಚಿಗೆ ಹರಿಯುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆ ಉಳಿಯುತ್ತವೆ. ಚಲಾವಣೆಯಾಗದ ನಾಣ್ಯವನ್ನು ದೀಪದ ಕೆಳಗೆ ಓರೆ ಮಾಡಿದರೆ ಬೆಳಕಿನ ಪಟ್ಟಿ ಸುತ್ತ ತಿರುಗುವುದು ಈ ಗೆರೆಗಳಿಂದಲೇ. ಅದಕ್ಕೆ ಎರಡು ಸಣ್ಣ ದೀಪ, ಗಡಿಯಾರದ ಹತ್ತು ಮತ್ತು ಎರಡು ಗಂಟೆಯ ಜಾಗದಲ್ಲಿ, ಲೆನ್ಸಿಗೆ ಎಷ್ಟಾಗುತ್ತೋ ಅಷ್ಟು ಹತ್ತಿರ, ಎತ್ತರದಲ್ಲಿ. ಮುಂದೆ ಟಿಶ್ಯೂ, ಬಟರ್ ಪೇಪರ್ ಕಟ್ಟುವುದಿಲ್ಲ. ಕಟ್ಟಿದರೆ ಪಟ್ಟಿ ಕರಗಿ ಹೋಗುತ್ತದೆ. ನಾಣ್ಯದ ಒಂದು ಬದಿಗೆ ಬೆಂಕಿಕಡ್ಡಿ ಕೊಟ್ಟು ಸ್ವಲ್ಪ ಎತ್ತಿದರೆ ಬಣ್ಣವೂ ಒಂದಿಷ್ಟು ಬರುತ್ತದೆ. ನಾಣ್ಯ ಹಿಡಿಯುವುದು ಯಾವಾಗಲೂ ಅಂಚಿನಲ್ಲಿ.

ಕರೆಂಟ್ ಹೋಗಿ ಬಂದು ಮಾಡುವ ದಿನ ಫೋಟೋ ತೆಗೆಯುವುದೇ ಇಲ್ಲ. ವೋಲ್ಟೇಜ್ ಇಳಿದರೆ ನನ್ನ ದೀಪದ ಬೆಳಕೂ ಬದಲಾಗುತ್ತದೆ, ಗ್ರೇ ಕಾರ್ಡ್ (ಬೂದು ಬಣ್ಣದ ರಟ್ಟು) ಇಟ್ಟು ಹೊಂದಿಸಿದ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗೇ ಕಾಣುವ ಹೊಂದಾಣಿಕೆ, ಕೆಡುತ್ತದೆ. ಇನ್ನೊಂದು, ಕೆಂಪು, ಹಸಿರು, ನೀಲಿ ಹಿಸ್ಟೋಗ್ರಾಮ್ (ಬೆಳಕಿನ ಮಟ್ಟ ತೋರಿಸುವ ಗ್ರಾಫ್) ಮೂರನ್ನೂ ಬೇರೆ ಬೇರೆ ನೋಡಬೇಕು. ಹೊನ್ನಿನ ಭಾಗದಲ್ಲಿ ಕೆಂಪು ಮೊದಲು ತುಂಬಿ ಹೋಗುತ್ತದೆ. ಆಮೇಲೆ ಆ ಹೊಂಬಣ್ಣ ಸುಮ್ನೆ ಬಿಳಿ-ಹಳದಿ ಆಗಿ ಉಳಿಯುತ್ತದೆ.

ಆಮೇಲೆ ಕಂಪ್ಯೂಟರಿನಲ್ಲಿ ಸ್ಯಾಚುರೇಶನ್ (ಬಣ್ಣದ ಗಾಢತೆ) ಮುಟ್ಟುವುದಿಲ್ಲ. ನೀಲಿಯನ್ನು ಎಳೆದು ತೋರಿಸಿದ ಫೋಟೋ ನೋಡಿ ಕೊಂಡವರು, ನಾಣ್ಯ ಕೈಗೆ ಬಂದ ದಿನ ಫೋನ್ ಮಾಡೇ ಮಾಡುತ್ತಾರೆ.

ಎಲ್ಲಾ ರೂಪಾಯಿಗೂ ಒಂದೇ ಪಾಠ ನಡೆಯುವುದಿಲ್ಲ ಬಿಡಿ. 1939ರವರೆಗಿನವು ಸುಮಾರು 92 ಪರ್ಸೆಂಟ್ ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು. ನನ್ನ ಬಳಿ ಇರುವ ಆರನೇ ಜಾರ್ಜ್‌ನ ಅರ್ಧ ಬೆಳ್ಳಿಯವು ಗಾಜಿನ ಕೆಳಗೂ ಕಂದು-ಬೂದಿಯಾಗೇ ಕಾಣುತ್ತವೆ, ಅವಕ್ಕೆ ಎರಡು ದೀಪವೇ ಒಳ್ಳೆಯದು.

ಕೊಳ್ಳುವವರು ಈಗ ಕೇಳುವುದು ಒಂದೇ, "ಬಣ್ಣ ಅಸಲಿಯೇ, ಕಾಯಿಸಿದ್ದಾ?" ಅಂದರೆ ತಾನಾಗಿ ಹತ್ತಿದ್ದೋ, ಬಿಸಿ ಮಾಡಿ ಬರಿಸಿದ್ದೋ ಅಂತ. ಅವರಿಗೆ ಮೇಲಿನ ಎರಡು ಫೋಟೋ ಜೊತೆ ಅಕ್ಷರಗಳ ಹತ್ತಿರದ ಒಂದು ತುಣುಕನ್ನು ದೊಡ್ಡದು ಮಾಡಿ ಕಳಿಸುತ್ತೇನೆ. ಹೊನ್ನಿನಿಂದ ಕೆಂಪು, ಕೆಂಪಿನಿಂದ ನೀಲಿ ಹಂತ ಹಂತವಾಗಿ ಬಂದಿದೆಯೋ, ಅಕ್ಷರದ ಸುತ್ತ ಆ ಬಿಳಿ ಎಳೆ ಉಳಿದಿದೆಯೋ, ಅವರೇ ನೋಡಿಕೊಳ್ಳುತ್ತಾರೆ. ಜೊತೆಗೆ ನಾಣ್ಯವನ್ನು ನಿಧಾನಕ್ಕೆ ತಿರುಗಿಸಿದ ಸಣ್ಣ ವಿಡಿಯೋ. ವಿಡಿಯೋಗೆ ಮೊಬೈಲೇ ಸಾಕು, ಎಕ್ಸ್‌ಪೋಶರ್ ಮಾತ್ರ ಲಾಕ್ ಮಾಡಿಕೊಳ್ಳಿ.