ಅಪ್‌ಡೇಟ್ ಬಂದು ಟಿವಿ ನಿಂತುಹೋಯ್ತಾ? ಸ್ವಿಚ್ ಆಫ್ ಮಾಡುವ ಮುಂಚೆ ಇದನ್ನು ಓದಿ

ನಮ್ಮದು ಗುಬ್ಬಿ ಕಡೆ ಒಂದು ಹಳ್ಳಿ. ಅವರೆಕಾಯಿ ಕಾಲದಲ್ಲಿ ಒಂದು ಸಂಜೆ ಅಮ್ಮ ಮೊರದ ತುಂಬ ಕಾಯಿ ಹಾಕಿಕೊಂಡು ಸುಲಿಯುತ್ತಾ ಸೀರಿಯಲ್ ನೋಡಲು ಕೂತಿದ್ದಳು. ಟಿವಿ ಹಾಕಿದರೆ ಸೀರಿಯಲ್ ಇಲ್ಲ, ಇಂಗ್ಲಿಷಿನಲ್ಲಿ ಏನೋ ಬರಹ, ಕೆಳಗೆ 62 ಪರ್ಸೆಂಟ್ ಅಂತ ನಿಂತ ಗೆರೆ. ಅಮ್ಮನಿಗೆ ಇಂಗ್ಲಿಷ್ ಓದಲು ಬರಲ್ಲ. ಮಿಕ್ಸಿ ಹಿಡಿದುಕೊಂಡರೆ, ಮೋಟರ್ ನಿಂತರೆ ಏನು ಮಾಡುತ್ತಾಳೋ ಅದನ್ನೇ ಮಾಡಿದಳು, ಗೋಡೆ ಸ್ವಿಚ್ ಆಫ್ ಮಾಡಿ ಆನ್ ಮಾಡಿದಳು. ಅಷ್ಟೇ. ಆಮೇಲೆ ಕಂಪನಿ ಲೋಗೋ ಬಿಟ್ಟು ಟಿವಿಗೆ ಹಾಕಿದ್ದ ಡಿಶ್ ಸೆಟಪ್ ಬಾಕ್ಸಿನಲ್ಲಿ ಬೇರೇನೂ ಬರಲಿಲ್ಲ. ಮೂರನೇ ದಿನ ಬಂದ ಹುಡುಗ ಬಾಕ್ಸ್ ಬದಲಾಯಿಸಿ, 300 ರೂಪಾಯಿ ತೆಗೆದುಕೊಂಡು, "ಅಪ್‌ಡೇಟ್ ಆಗೋವಾಗ ಆಫ್ ಮಾಡಿದ್ದು ನಿಮ್ಮದೇ ತಪ್ಪು" ಅಂತ ಹೇಳಿ ಹೋದ. ಅಪ್‌ಡೇಟ್ ಬೇಕಾ ಅಂತ ನಮ್ಮನ್ನು ಯಾರೂ ಕೇಳಿರಲಿಲ್ಲ, ಅದು ಬೇರೆ ಮಾತು.

ಈಗ ನಮ್ಮ ಬೀದಿಯಲ್ಲಿ ಯಾರ ಮನೆ ಸೆಟಪ್ ಬಾಕ್ಸ್ ಹಿಡಿದುಕೊಂಡರೂ ನನಗೇ ಫೋನ್ ಬರುತ್ತದೆ. (ಸೆಟ್ ಟಾಪ್ ಬಾಕ್ಸ್ ಅನ್ನಬೇಕು, ಗೊತ್ತು. ಯಾರು ಅನ್ನುತ್ತಾರೆ?) ಹಾಗಾಗಿ ಕಲಿತಿದ್ದನ್ನೆಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ತಿಳಿಯಬೇಕಾದ್ದು, ಅಪ್‌ಡೇಟ್ ಆಗಿದ್ದು ಯಾವುದು ಅಂತ. ಟಿವಿಯಾ, ಬಾಕ್ಸಾ, ಇಲ್ಲಾ ಟಿವಿ ಒಳಗಿನ ಒಂದು ಆಪ್ ಮಾತ್ರವಾ? ಬಾಕ್ಸಿನಿಂದ ಬರುವ ಎಚ್‌ಡಿಎಂಐ ವೈರ್ ಕಿತ್ತು ನೋಡಿ. ಟಿವಿ ಮೇಲೆ "ನೋ ಸಿಗ್ನಲ್" ಅಂತ ನೀಟಾಗಿ ಬಂದರೆ ಟಿವಿ ಚೆನ್ನಾಗಿದೆ, ತಾಪತ್ರಯ ಬಾಕ್ಸಿನದು. ಇಷ್ಟೂ ನೋಡದೆ ಟಿವಿಯನ್ನೇ ಆಟೋದಲ್ಲಿ ಹಾಕಿಕೊಂಡು ತುಮಕೂರಿನ ರಿಪೇರಿ ಅಂಗಡಿಗೆ ಹೋದವರಿದ್ದಾರೆ.

ಪರ್ಸೆಂಟ್ ಓಡುತ್ತಿರುವಾಗ ಏನು ಮಾಡಬೇಕು ಅಂದರೆ, ಏನೂ ಮಾಡಬೇಡಿ. ಡಿಶ್ ಬಾಕ್ಸಿಗೆ ಅಪ್‌ಡೇಟ್ ಬರೋದು ಇಂಟರ್ನೆಟ್‌ನಿಂದಲೇ ಆಗಬೇಕಿಲ್ಲ, ಚಾನೆಲ್ ಬರುವ ಹಾಗೆಯೇ ಉಪಗ್ರಹದಿಂದ ಡಿಶ್ ಮೂಲಕ ಬರುತ್ತದೆ. ಅದಕ್ಕೇ ಮೋಡ ಕವಿದಾಗ, ಮಳೆ ಹೊಡೆದಾಗ ಅರ್ಧಕ್ಕೆ ನಿಂತು ಮತ್ತೆ ಮೊದಲಿನಿಂದ ಶುರುವಾಗೋದು. ಇದರಲ್ಲಿ ಎರಡು ಹಂತ ಇದೆ. ಒಂದು, ಸಾಫ್ಟ್‌ವೇರನ್ನು ಇಳಿಸಿಕೊಳ್ಳೋದು. ಇನ್ನೊಂದು, ಇಳಿಸಿಕೊಂಡಿದ್ದನ್ನು ಒಳಗಿನ ಚಿಪ್ಪಿಗೆ ಬರೆಯೋದು. ಮೊದಲನೆಯದರಲ್ಲಿ ಕರೆಂಟ್ ಹೋದರೆ ಸಾಮಾನ್ಯವಾಗಿ ಏನೂ ಆಗಲ್ಲ, ಎರಡನೆಯದರಲ್ಲಿ ಹೋದರೆ ಹಳೆಯದು ಅಳಿಸಿರುತ್ತದೆ, ಹೊಸದು ಪೂರ್ತಿ ಕೂತಿರಲ್ಲ, ಬಾಕ್ಸಿಗೆ ಎದ್ದೇಳೋದು ಹೇಗೆ ಅನ್ನೋದೇ ಮರೆತುಹೋಗಿರುತ್ತದೆ. ಸ್ಕ್ರೀನ್ ನೋಡಿ ಈಗ ಯಾವ ಹಂತ ಅಂತ ಹೇಳೋದು ಕಷ್ಟ. ಆದ್ದರಿಂದ ಒಂದು ಗಂಟೆ ಬಿಟ್ಟುಬಿಡಿ. ಮನೆಯಲ್ಲಿ ಯುಪಿಎಸ್ ಇದ್ದರೆ ಬಾಕ್ಸಿನ ಪಿನ್ನನ್ನು ಯಾವಾಗಲೂ ಅದರ ಲೈನಿಗೇ ಹಾಕಿಟ್ಟಿರಿ, ಬೆಸ್ಕಾಂನವರು ಅಪ್‌ಡೇಟ್ ಮುಗಿಯಲಿ ಅಂತ ಕಾಯಲ್ಲ.

ಸರಿ, ಈ ದರಿದ್ರ ಅಪ್‌ಡೇಟ್ ಸರಿಯಾಗಿ ಸೀರಿಯಲ್ ಹೊತ್ತಿಗೇ ಯಾಕೆ ಬರುತ್ತದೆ? ನನಗೂ ಬಹಳ ದಿನ ಗೊತ್ತಿರಲಿಲ್ಲ. ತುಂಬ ಬಾಕ್ಸ್‌ಗಳು ರಾತ್ರಿ ನಾವು ಮಲಗಿದಾಗ, ಸ್ಟ್ಯಾಂಡ್‌ಬೈನಲ್ಲಿದ್ದಾಗ ಈ ಕೆಲಸ ಮುಗಿಸಿಕೊಳ್ಳುತ್ತವೆ. ಆದರೆ ನಮ್ಮ ಮನೆಗಳಲ್ಲಿ ಮಲಗುವ ಮುಂಚೆ ಗೋಡೆ ಸ್ವಿಚ್ಚನ್ನೇ ಆಫ್ ಮಾಡುತ್ತೇವೆ, ಅಲ್ವಾ? ರಾತ್ರಿ ಆಗಬೇಕಾದ ಕೆಲಸಕ್ಕೆ ದಾರಿ ಇಲ್ಲದೆ, ಸಂಜೆ ನೀವು ಆನ್ ಮಾಡಿದ ತಕ್ಷಣ ಅದು ಶುರು ಹಚ್ಚಿಕೊಳ್ಳುತ್ತದೆ. ವಾರಕ್ಕೊಂದು ರಾತ್ರಿ ರಿಮೋಟಿನಲ್ಲಿ ಮಾತ್ರ ಆಫ್ ಮಾಡಿ, ಗೋಡೆ ಸ್ವಿಚ್ ಹಾಗೇ ಬಿಡಿ. ಕರೆಂಟ್ ಬಿಲ್ ಭಯನಾ? ಬಾಕ್ಸ್ 10 ವ್ಯಾಟ್ ಎಳೆಯುತ್ತದೆ ಅಂತಲೇ ಇಟ್ಟುಕೊಳ್ಳಿ, 8 ಗಂಟೆಗೆ 0.08 ಯೂನಿಟ್. ಗುಡುಗು ಸಿಡಿಲಿನ ದಿನ ಮಾತ್ರ ಈ ಬುದ್ಧಿವಂತಿಕೆ ಬೇಡ, ಪಿನ್ನನ್ನೂ ಡಿಶ್ ವೈರನ್ನೂ ಎರಡನ್ನೂ ಕಿತ್ತಿಡಿ. ಅಮ್ಮ ಈಗ ಅಪ್‌ಡೇಟ್ ಬರಹ ಕಂಡರೆ ಮೊರ ಎತ್ತಿಕೊಂಡು ಪಕ್ಕದ ಮನೆಗೆ ಹೋಗುತ್ತಾಳೆ, ಅದೂ ಒಂದು ದಾರಿ.

ಒಂದು ಗಂಟೆ ಕಳೆದರೂ ಪರ್ಸೆಂಟ್ ಅಲ್ಲಾಡಿಲ್ಲ ಅಥವಾ ಲೋಗೋದಲ್ಲೇ ನಿಂತಿದೆ ಅಂದರೆ ಮೊದಲು ಮೊಬೈಲಿನಲ್ಲಿ ಸ್ಕ್ರೀನಿನ ಫೋಟೋ ತೆಗೆದಿಡಿ. ಇದು ಮುಖ್ಯ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ನಂತರ ಪಿನ್ ಕಿತ್ತು, ಡಿಶ್ ವೈರ್ ಬಿಚ್ಚಿ, ಐದು ನಿಮಿಷ ಬಿಡಿ. ಪಿನ್ ಮಾತ್ರ ಹಾಕಿ, ಬಾಕ್ಸ್ ಎದ್ದ ಮೇಲೆ ಡಿಶ್ ವೈರ್ ತಿರುಗಿಸಿ. ಅಪ್‌ಡೇಟ್ ಹುಡುಕುತ್ತಾ ಸುತ್ತು ಹೊಡೆಯುತ್ತಿದ್ದ ಬಾಕ್ಸ್ ಹೀಗೆ ಎದ್ದಿದ್ದುಂಟು. ಎದ್ದಿತು ಆದರೆ ಚಾನೆಲ್ ಬರುತ್ತಿಲ್ಲ ಅಂದರೆ ಮತ್ತೆ ರೀಚಾರ್ಜ್ ಮಾಡಿಬಿಡಬೇಡಿ. ದುಡ್ಡು ಇದ್ದೇ ಇರುತ್ತದೆ, ಬಾಕ್ಸಿಗೆ ಅದು ಗೊತ್ತಿಲ್ಲ ಅಷ್ಟೇ. ನೀವು ದುಡ್ಡು ಕಟ್ಟಿರುವ ಒಂದು ಚಾನೆಲ್ ಇಟ್ಟು, ಕಂಪನಿ ಆಪ್‌ನಿಂದ ಅಥವಾ ಫೋನ್ ಮಾಡಿ ರಿಫ್ರೆಶ್ (ನೀವು ದುಡ್ಡು ಕಟ್ಟಿದ್ದೀರಿ ಅಂತ ಬಾಕ್ಸಿಗೆ ತಿಳಿಸುವ ಸಿಗ್ನಲ್) ಕಳಿಸಲು ಹೇಳಿ, ಅರ್ಧ ಗಂಟೆ ಚಾನೆಲ್ ಬದಲಾಯಿಸದೆ ಬಿಡಿ.

ಚಿತ್ರ ಇದೆ, ಧ್ವನಿ ಇಲ್ಲ ಅಂತ ಒಂದು ಗೋಳು ಉಂಟು. ಅಪ್‌ಡೇಟ್ ಆದಾಗ ಆಡಿಯೋ ಸೆಟ್ಟಿಂಗ್ ಡಾಲ್ಬಿಗೆ ಹೋಗಿರುತ್ತದೆ, ಹಳೆ ಟಿವಿಗೆ ಅದು ಅರ್ಥ ಆಗಲ್ಲ. ಬಾಕ್ಸಿನ ಆಡಿಯೋ ಮೆನುವಿನಲ್ಲಿ ಸ್ಟೀರಿಯೋ ಅಥವಾ ಪಿಸಿಎಂ ಅಂತ ಮಾಡಿ. ಇದರ ಉಲ್ಟಾ, ಧ್ವನಿ ಇದೆ, ಚಿತ್ರ ಕಪ್ಪು ಅಂದರೆ ಬಾಕ್ಸಿನ ರೆಸಲ್ಯೂಷನ್ (ಚಿತ್ರ ಎಷ್ಟು ಚುಕ್ಕೆಗಳದ್ದು ಅನ್ನೋ ಲೆಕ್ಕ) ಟಿವಿಯ ಕೈಲಾಗದಷ್ಟು ಮೇಲೆ ಹೋಗಿರಬಹುದು. ಕಾಣದೆ ಮೆನುಗೆ ಹೋಗೋದು ಹೇಗೆ? ಅಟ್ಟದ ಮೇಲಿರುವ ಹಳದಿ, ಕೆಂಪು, ಬಿಳಿ ಪಿನ್ನಿನ ಎವಿ ವೈರ್ ಇಳಿಸಿ, ಅದನ್ನು ಹಾಕಿದರೆ ಸಾಮಾನ್ಯವಾಗಿ ಚಿತ್ರ ಬರುತ್ತದೆ, ಆಗ ಮೆನುವಿನಲ್ಲಿ ರೆಸಲ್ಯೂಷನ್ 720 ಮಾಡಿ ಮತ್ತೆ ಎಚ್‌ಡಿಎಂಐ ಚುಚ್ಚಿ. ಪಿನ್ ನಂಬರ್ ಕೇಳಿದರೆ 0000 ಅಥವಾ 1234 ಹೊಡೆದು ನೋಡಿ.

ಎಲ್ಲದಕ್ಕೂ ಅಪ್‌ಡೇಟನ್ನೇ ಬೈಯೋದೂ ತಪ್ಪು. ತಿಪಟೂರಿನ ನಮ್ಮ ಮಾವ "ಅಪ್‌ಡೇಟ್ ಆದಮೇಲೆ ಅರ್ಧ ಚಾನೆಲ್ ಹೋಯ್ತು ಕಣಪ್ಪ" ಅಂತ ಫೋನ್ ಮಾಡಿದ್ದರು. ಹೋಗಿ ನೋಡಿದರೆ ಡಿಶ್ ಎದುರಿಗಿನ ತೆಂಗಿನ ಸಸಿ ಈಗ ಮರ ಆಗಿದೆ, ಗರಿ ಅಡ್ಡ ಬಂದಿದೆ. ನಮ್ಮ ಕಡೆ ಡಿಶ್‌ಗಳು ಹೆಚ್ಚುಕಡಿಮೆ ಆಗ್ನೇಯಕ್ಕೆ ಮುಖ ಮಾಡಿರುತ್ತವೆ, ಆ ದಿಕ್ಕು ಖಾಲಿ ಇದೆಯಾ ನೋಡಿ. ಇನ್ನು ದೂರದರ್ಶನದ ಫ್ರೀ ಡಿಶ್ ಇದ್ದವರಿಗೆ ಏಪ್ರಿಲ್ 1ರ ಹೊತ್ತಿಗೆ ಚಾನೆಲ್ ಕಾಣೆಯಾದರೆ ಅದು ಅಪ್‌ಡೇಟ್ ಅಲ್ಲ, ಹರಾಜಿನಲ್ಲಿ ಚಾನೆಲ್‌ಗಳ ಜಾಗ ಬದಲಾಗಿರುತ್ತದೆ. ಮತ್ತೆ ಸ್ಕ್ಯಾನ್ ಮಾಡಿ. ರೀಸೆಟ್ ಆಗಿ ಎಲ್ಲ ಅಳಿಸಿದ್ದರೆ ಉಪಗ್ರಹ ಜಿಸ್ಯಾಟ್-15, 93.5 ಡಿಗ್ರಿ ಪೂರ್ವ, ಎಲ್‌ಎನ್‌ಬಿ (ಡಿಶ್ ಮುಂದೆ ಇರುವ, ಸಿಗ್ನಲ್ ಹಿಡಿಯುವ ಡಬ್ಬಿ) 9750/10600 ಅಂತ ಇದೆಯಾ ನೋಡಿಕೊಂಡು ಸ್ಕ್ಯಾನ್ ಒತ್ತಿ, ಚಂದನ ಬಂದರೆ ಉಳಿದವೂ ಸಾಮಾನ್ಯವಾಗಿ ಬರುತ್ತವೆ.

ಸ್ಮಾರ್ಟ್ ಟಿವಿಯದು ಬೇರೆ ಕಥೆ. ಕಡಿಮೆ ರೇಟಿನ ಟಿವಿಗಳಲ್ಲಿ 1 ಜಿಬಿ ರ‍್ಯಾಮ್, 8 ಜಿಬಿ ಜಾಗ, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಸಾಫ್ಟ್‌ವೇರೇ ತಿಂದಿರುತ್ತದೆ. ಪ್ರತಿ ಅಪ್‌ಡೇಟಿಗೂ ಎತ್ತಿಗೆ ಇನ್ನೊಂದು ಮೂಟೆ ಹೇರಿದ ಹಾಗೆ. ಬೇಡದ ಆಪ್ ತೆಗೆಯಿರಿ, ಉಳಿದವುಗಳ ಕ್ಯಾಶ್ (ಆಪ್ ಕೂಡಿಟ್ಟುಕೊಂಡ ತಾತ್ಕಾಲಿಕ ಫೈಲುಗಳು) ಅಳಿಸಿ, ಪ್ಲೇ ಸ್ಟೋರಿನಲ್ಲಿ ಆಟೋ ಅಪ್‌ಡೇಟ್ ಆಫ್ ಮಾಡಿ. ಟಿವಿ ಜೊತೆಗೇ ಬಂದ ಆಪ್ ಕೆಟ್ಟಿದ್ದರೆ ಅದರ ಸೆಟ್ಟಿಂಗಿನಲ್ಲಿ "ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್" ಒತ್ತಿದರೆ ಹಳೆಯದಕ್ಕೆ ಹೋಗುತ್ತದೆ. ಟಿವಿಯ ಪೂರ್ತಿ ಸಾಫ್ಟ್‌ವೇರನ್ನು ಮಾತ್ರ ಹೀಗೆ ಹಿಂದಕ್ಕೆ ತಳ್ಳಲು ಬಹುಪಾಲು ಬಿಡಲ್ಲ. ಪೆನ್‌ಡ್ರೈವ್‌ನಲ್ಲಿ ಹಾಕುವುದಿದ್ದರೆ ಟಿವಿ ಹಿಂದಿನ ಸ್ಟಿಕ್ಕರ್ ನೋಡಿ ಪೂರ್ತಿ ಮಾಡೆಲ್ ನಂಬರ್ ಬರೆದುಕೊಳ್ಳಿ, ಕಂಪನಿ ಸೈಟಿನ ಫೈಲೇ ಆಗಬೇಕು, ಪೆನ್‌ಡ್ರೈವ್ ಫ್ಯಾಟ್32 ಅನ್ನೋ ವಿಧದಲ್ಲಿ ಫಾರ್ಮ್ಯಾಟ್ ಆಗಿರಬೇಕು. ಒಂದಕ್ಷರ ಬೇರೆ ಮಾಡೆಲಿನದು ಹಾಕಿದರೂ ಟಿವಿ ಮೂಲೆ ಸೇರುತ್ತದೆ. ಹಾಗಂತ ಅಪ್‌ಡೇಟೇ ಬೇಡ ಅಂತ ಕೂರೋಕೂ ಆಗಲ್ಲ. 2015ರ ಏಪ್ರಿಲ್‌ನಲ್ಲಿ ಯೂಟ್ಯೂಬ್ ತನ್ನ ಹಳೆ ವ್ಯವಸ್ಥೆ ನಿಲ್ಲಿಸಿದಾಗ ಎಷ್ಟೋ ಹಳೆ ಟಿವಿಗಳಲ್ಲಿ ಅದು ಓಡೋದೇ ನಿಂತಿತು. ಅಂಥ ಟಿವಿಗೆ ಎಚ್‌ಡಿಎಂಐನಲ್ಲಿ ಚುಚ್ಚುವ ಒಂದು ಸ್ಟಿಕ್ ತಂದುಕೊಳ್ಳೋದೇ ವಾಸಿ, ಹೊಸ ಟಿವಿ ಬೇಕಿಲ್ಲ.

ಈಗ ಫೋನ್ ಮಾಡುವ ವಿಷಯ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಮೊದಲು ಕಾಣುವ ನಂಬರ್ ಕಳ್ಳರದ್ದೂ ಆಗಿರಬಹುದು, "ಒಂದು ಆಪ್ ಹಾಕಿಕೊಳ್ಳಿ, ನಾವೇ ಸರಿ ಮಾಡುತ್ತೇವೆ" ಅಂತ ನಿಮ್ಮ ಮೊಬೈಲ್ ಸ್ಕ್ರೀನೇ ನೋಡುತ್ತಾ ಬ್ಯಾಂಕ್ ಖಾತೆ ಗುಡಿಸುತ್ತಾರೆ. ಬಿಲ್ ಮೇಲೆ, ಕಂಪನಿ ಆಪ್‌ನಲ್ಲಿ ಇರುವ ನಂಬರೇ ಹಿಡಿಯಿರಿ. ಅಪ್ಪಿತಪ್ಪಿ ದುಡ್ಡು ಹೋದರೆ ತಕ್ಷಣ 1930.

ಕಂಪನಿಯವರ ಹತ್ತಿರ "ಬಾಕ್ಸ್ ಕೆಟ್ಟಿದೆ" ಅನ್ನಬೇಡಿ, ಅಂದರೆ ವಿಸಿಟ್ ಚಾರ್ಜ್ ಹಾಕುತ್ತಾರೆ. "ಇಂಥ ದಿನ, ಇಷ್ಟು ಗಂಟೆಗೆ ನಿಮ್ಮ ಅಪ್‌ಡೇಟ್ ಬಂತು, ಅದಕ್ಕೆ ಮುಂಚೆ ಚೆನ್ನಾಗಿತ್ತು, ಫೋಟೋ ಇದೆ" ಅನ್ನಿ. ಕಂಪ್ಲೇಂಟ್ ನಂಬರ್ ಬರೆದುಕೊಳ್ಳದೆ ಫೋನ್ ಇಡಬೇಡಿ. ಕೇಬಲ್ ಬಾಕ್ಸ್ ಆದರೆ ಊರಿನ ಕೇಬಲ್ ಅಣ್ಣನ ಮೇಲೆ ಕೂಗಾಡಿ ಪ್ರಯೋಜನ ಇಲ್ಲ, ಅಪ್‌ಡೇಟ್ ಅವನಿಗೂ ಮೇಲಿನಿಂದಲೇ ಬರೋದು, ಅಕ್ಕಪಕ್ಕದ ಮನೆಯಲ್ಲೂ ಹೀಗೇ ಆಗಿದೆಯಾ ಕೇಳಿಕೊಂಡು ಹೋದರೆ ಬೇಗ ಬದಲಾಯಿಸಿ ಕೊಡುತ್ತಾನೆ. ಯಾರೂ ಜಗ್ಗದಿದ್ದರೆ ಗ್ರಾಹಕರ ಸಹಾಯವಾಣಿ 1915, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಆಗದಿದ್ದರೆ ತುಮಕೂರಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ, 5 ಲಕ್ಷದವರೆಗಿನ ವ್ಯವಹಾರಕ್ಕೆ ಫೀಸಿಲ್ಲ, ಲಾಯರ್ ಇಡಲೇಬೇಕು ಅಂತಲೂ ಇಲ್ಲ.

ನಾವು ಅಲ್ಲಿಯವರೆಗೆ ಹೋಗಲಿಲ್ಲ. 1915ಕ್ಕೆ ಎರಡು ಸಲ ಫೋನ್ ಮಾಡಿದ ಮೇಲೆ ಆ 300 ರೂಪಾಯಿಯನ್ನು ಕಂಪನಿಯವರು ನಮ್ಮ ಮುಂದಿನ ತಿಂಗಳ ರೀಚಾರ್ಜಿಗೆ ಸೇರಿಸಿದರು. ಅಷ್ಟರಲ್ಲಿ ಅವರೆಕಾಯಿ ಕಾಲ ಮುಗಿದಿತ್ತು.