ಎಂಟನೇ ದೀಪ ಹತ್ತಲಿಲ್ಲ

ನಾನು ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ವಿದ್ಯಾಸಂಸ್ಥೆಗಳನ್ನು ಜೋಡಿಸುವ ಸರ್ಕಾರಿ ಜಾಲವಾದ ರಾಷ್ಟ್ರೀಯ ಜ್ಞಾನ ಜಾಲದಿಂದ ನಮಗೆ 1 ಗಿಗಾಬಿಟ್ (1000 ಮೆಗಾಬಿಟ್) ವೇಗದ ಲಿಂಕ್ ಇದೆ. ಆದರೆ ಶನಿವಾರ ಮಧ್ಯಾಹ್ನ ಬಳಕೆಯ ಗ್ರಾಫ್ ತೆಗೆದರೆ ಗೆರೆ ನೆಲಕ್ಕೇ ಅಂಟಿಕೊಂಡಿರುತ್ತಿತ್ತು. ಜನರ ದುಡ್ಡಲ್ಲಿ ಬಂದ ಫೈಬರ್ ಸುಮ್ನೆ ಮಲಗಿದೆಯಲ್ಲ ಅಂತ ತುಂಬಾ ಬೇಜಾರಾಗುತ್ತಿತ್ತು.

ಕಾಂಪೌಂಡಿನ ಆಚೆಗೇ ಸರ್ಕಾರಿ ಪ್ರೌಢಶಾಲೆ. ಅಲ್ಲಿನ ಸಮಾಜ ವಿಜ್ಞಾನದ ಮೇಡಂ ಒಂದು ದಿನ ಬಂದರು. "ಸರ್, ಇಸ್ರೋದ ಭುವನ್ ನಕ್ಷೆ ಜಾಲತಾಣದಲ್ಲಿ ಮಕ್ಕಳಿಗೆ ನಮ್ಮ ಊರಿನ ಕೆರೆಗಳನ್ನು ತೋರಿಸಬೇಕು. ನನ್ನ ಒಂದು ಫೋನಲ್ಲಿ ಎಷ್ಟು ಜನಕ್ಕೆ ತೋರಿಸಲಿ?" ಅಂದರು. ಅನುಮತಿ ಪತ್ರ ಮೇಜಿಂದ ಮೇಜಿಗೆ ಓಡಾಡಿ ಕೊನೆಗೂ ಸಹಿಯಾಯಿತು. ನಮ್ಮ ಲ್ಯಾಬಿನ 24 ಕಂಪ್ಯೂಟರ್‌ಗಳನ್ನು ಆಫೀಸಿನ ನೆಟ್‌ವರ್ಕ್‌ನಿಂದ ಬೇರೆ ಮಾಡಿ, ಮಕ್ಕಳಿಗೆ ಬಿಟ್ಟುಕೊಟ್ಟೆ.

ಮೊದಲ ಶನಿವಾರ ಎಲ್ಲರೂ ಒಟ್ಟಿಗೆ ನಕ್ಷೆ ತೆರೆದರು. ಚೌಕ ಚೌಕವಾಗಿ, ನಿಧಾನಕ್ಕೆ ಬಂತು. "ಸರ್, ನಮ್ಮನೆ ಹತ್ರ ಇನ್ನೂ ಬಿಳಿಯಾಗೇ ಇದೆ" ಅಂದಳು ಒಬ್ಬ ಹುಡುಗಿ. 1 ಗಿಗಾಬಿಟ್ ಇರುವ ಕಡೆ ಹೀಗಾಗಬಾರದು, ಅಲ್ವಾ?

ಲ್ಯಾಬಿನ ಕಂಪ್ಯೂಟರ್‌ಗಳನ್ನೆಲ್ಲ ಜೋಡಿಸುವ ನೆಟ್‌ವರ್ಕ್ ಸ್ವಿಚ್ ನೋಡಿದೆ. ಮೇಲಿನ ಮಹಡಿಯಿಂದ ಬರುವ ಕೇಬಲ್ 100 ಮೆಗಾಬಿಟ್‌ಗೆ ಇಳಿದು ಕೂತಿತ್ತು. 24ಕ್ಕೆ ಹಂಚಿದರೆ ತಲೆಗೆ 4 ಮೆಗಾಬಿಟ್. ಕೇಬಲ್ ಕಳಚಿ ಟೆಸ್ಟರ್‌ಗೆ ಹಾಕಿದೆ. ಕೇಬಲ್ ಒಳಗಿನ ಎಂಟು ತಂತಿಗಳಿಗೆ ಒಂದೊಂದು ದೀಪ. ಒಂದು, ಎರಡು, ಮೂರು ಅಂತ ಏಳರವರೆಗೆ ದೀಪ ಹತ್ತಿತು. ಎಂಟನೆಯದು ಹತ್ತಲಿಲ್ಲ. ಕನೆಕ್ಟರ್ ಒಳಗೆ ಕಂದು ತಂತಿ ಮುರಿದಿತ್ತು. 100 ಮೆಗಾಬಿಟ್‌ಗೆ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಅದಕ್ಕೇ ಲಿಂಕ್ ಸತ್ತಿರಲಿಲ್ಲ, ಕುಂಟುತ್ತಿತ್ತು. ತುದಿ ಕತ್ತರಿಸಿ ಹೊಸ ಕನೆಕ್ಟರ್ ಒತ್ತಿದೆ. ಹತ್ತು ನಿಮಿಷದ ಕೆಲಸ. ಆ ತಂತಿ ಯಾವಾಗ ಮುರಿದಿತ್ತೋ! ನಮ್ಮವರು ಯಾರೂ ಒಂದು ದೂರು ಕೊಟ್ಟಿರಲಿಲ್ಲ. ಹೊರಗಿನ ಮಕ್ಕಳು ಬಂದ ಮೇಲೇ ನಮ್ಮ ಲ್ಯಾಬ್ ಸರಿಯಾಯಿತು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ದೇಶದಲ್ಲಿ ಇಂಟರ್ನೆಟ್ ಮೊದಲು ಬಂದದ್ದೇ ವಿದ್ಯಾಸಂಸ್ಥೆಗಳಿಗೆ. 1986ರಲ್ಲಿ ಶುರುವಾದ ಎರ್ನೆಟ್ ಎಂಬ ಶಿಕ್ಷಣ-ಸಂಶೋಧನೆಯ ಜಾಲದಲ್ಲಿ ಐಐಟಿಗಳ ಜೊತೆ ನಮ್ಮ ಬೆಂಗಳೂರಿನ ಐಐಎಸ್‌ಸಿಯೂ ಇತ್ತು. ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಮೊದಲು ಉಂಡವರು ಆಮೇಲೆ ಬಡಿಸಬೇಕು ಅನ್ನುವುದು ನನ್ನ ನಂಬಿಕೆ.

ಮುಂದಿನ ಶನಿವಾರ ನಕ್ಷೆ ಒಮ್ಮೆಲೇ ತೆರೆದುಕೊಂಡಿತು. ಮೇಡಂ ಮೆಜೆಸ್ಟಿಕ್ ಬಸ್ ನಿಲ್ದಾಣ ತೋರಿಸಿ, ಅದು ಧರ್ಮಾಂಬುಧಿ ಕೆರೆ ಇದ್ದ ಜಾಗ ಅಂದರು. ಕಂಠೀರವ ಕ್ರೀಡಾಂಗಣದ ಕಡೆ ಹೋಗಿ ಸಂಪಂಗಿ ಕೆರೆಯ ಕಥೆ ಹೇಳಿದರು. ಆ ಹುಡುಗಿ ಮಾತ್ರ ತನ್ನ ಬೀದಿ ಬಿಟ್ಟು ಕದಲಲಿಲ್ಲ. ಮನೆಯ ಹಿಂದಿನ ರಾಜಕಾಲುವೆಯನ್ನು ಬೆರಳಲ್ಲಿ ಹಿಡಿದು ಕೆರೆಯವರೆಗೂ ಹೋದಳು.

ಈಗ ಶನಿವಾರ ಎರಡರಿಂದ ನಾಲ್ಕರವರೆಗೆ ಗ್ರಾಫ್‌ನಲ್ಲಿ ಒಂದು ಗುಡ್ಡ ಏಳುತ್ತದೆ. ಇನ್ನೊಂದು ಶಾಲೆಯವರೂ ಕೇಳಿದ್ದಾರೆ. ಅವರು ಬರುವುದರೊಳಗೆ ನಮ್ಮ ಈ ಲ್ಯಾಬಿಗೂ ಫೈಬರ್ ಎಳೆಯಬೇಕು.