ಪೇಸ್‌ಮೇಕರ್ ಬದಲಾಯಿಸಿದ ಮೇಲೆ: ಗಾಯ ನೋಡಿಕೊಳ್ಳುವುದು ಹೇಗೆ?

ಹೃದಯದ ಬಡಿತ ತೀರಾ ನಿಧಾನವಾಗದಂತೆ ಎದೆಯ ಚರ್ಮದ ಕೆಳಗೆ ಇಡುವ ಪೇಸ್‌ಮೇಕರ್‌ನ ಬ್ಯಾಟರಿ ಮುಗಿದರೆ ಬ್ಯಾಟರಿಯೊಂದನ್ನೇ ತೆಗೆದು ಬೇರೆಯದು ಹಾಕಲು ಬರುವುದಿಲ್ಲ. ಇಡೀ ಡಬ್ಬಿಯನ್ನೇ ಬದಲಾಯಿಸುತ್ತಾರೆ. ಡಬ್ಬಿಯಿಂದ ಹೃದಯಕ್ಕೆ ಹೋಗುವ ತಂತಿಗಳು, ಅಂದರೆ ಲೀಡ್‌ಗಳು, ಚೆನ್ನಾಗಿದ್ದರೆ ಹಳೆಯವನ್ನೇ ಜೋಡಿಸುತ್ತಾರೆ. 'ಎರಡನೇ ಸಲ ಅಲ್ವಾ, ಎಲ್ಲಾ ಗೊತ್ತು' ಎಂದು ಜನ ಎಚ್ಚರ ತಪ್ಪುವುದು ಇಲ್ಲೇ. ಸೋಂಕಿನ ಅಪಾಯ ಮೊದಲ ಸಲಕ್ಕಿಂತ ಬದಲಾಯಿಸುವಾಗಲೇ ಜಾಸ್ತಿ. ಹಳೆ ಡಬ್ಬಿಯ ಸುತ್ತ ಬೆಳೆದ ಗಟ್ಟಿ ಪೊರೆಯಲ್ಲಿ ರಕ್ತದ ಓಡಾಟ ಕಡಿಮೆ. ಹಾಗಾಗಿ ಔಷಧಿಯೂ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ.

ಹೆಜ್ಜೆ 1: ಆಸ್ಪತ್ರೆ ಬಿಡುವ ಮೊದಲು ಹೊಸ ಡಿವೈಸ್ ಕಾರ್ಡ್ (ಪೇಸ್‌ಮೇಕರ್‌ನ ವಿವರ ಇರುವ ಚೀಟಿ) ಕೇಳಿ ಪಡೆಯಿರಿ. ಕನಿಷ್ಠ ಬಡಿತ, ಅಂದರೆ ಹೃದಯದ ಬಡಿತ ಅದಕ್ಕಿಂತ ಇಳಿಯದಂತೆ ಪೇಸ್‌ಮೇಕರ್ ನೋಡಿಕೊಳ್ಳುವ ಮಟ್ಟ, ಎಷ್ಟಕ್ಕೆ ಇಟ್ಟಿದ್ದಾರೆ ಎಂದು ಅದರಲ್ಲೇ ಬರೆಸಿಕೊಳ್ಳಿ.

ಹೆಜ್ಜೆ 2: ಗಾಯವನ್ನು ದಿನಾ ನೋಡಿ. ಸುಮ್ನೆ ಕನ್ನಡಿಯಲ್ಲಿ ಇಣುಕಿದರೆ ಸಾಲದು. ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ, ಬೇರೆಯವರ ಕೈಯಲ್ಲಿ ಫೋಟೊ ತೆಗೆಸಿ. ನಿನ್ನೆಯದರ ಪಕ್ಕ ಇವತ್ತಿನದನ್ನು ಇಟ್ಟು ನೋಡಿ. ಊತ ಇದ್ದರೆ ಅದರ ಅಂಚಿಗೆ, ಹೊಲಿಗೆಯಿಂದ ದೂರದಲ್ಲಿ, ಪೆನ್ನಿನಿಂದ ಗೆರೆ ಎಳೆಯಿರಿ. ಮರುದಿನ ಊತ ಗೆರೆ ದಾಟಿದೆಯೇ? ಆಸ್ಪತ್ರೆಗೆ ಫೋನ್ ಮಾಡಿ.

ನೀಲಿ ಕಲೆ ಹಳದಿ-ಹಸಿರಾಗಿ ಕೆಳಕ್ಕೆ ಇಳಿಯುವುದು ಮಾಮೂಲು. ಆದರೆ ಜಾಗ ಬಿಗಿಯಾಗಿ, ಚರ್ಮ ಮಿರುಗುವಂತೆ ಉಬ್ಬಿ, ನೋವು ದಿನದಿಂದ ದಿನಕ್ಕೆ ಏರಿದರೆ ಒಳಗೆ ರಕ್ತ ಕಟ್ಟಿರಬಹುದು. ಕೆಂಪಾಗುವುದು, ಬಿಸಿಯಾಗುವುದು, ನೀರು ಜಿನುಗುವುದು, ಜ್ವರ ಸೋಂಕಿನ ಸೂಚನೆಗಳು. ಡಬ್ಬಿಯ ಮೇಲಿನ ಚರ್ಮ ತೆಳುವಾಗುತ್ತಿದ್ದರೆ, ಡಬ್ಬಿಗೇ ಅಂಟಿಕೊಂಡಂತೆ ಇದ್ದರೆ ನೋವಿಲ್ಲದಿದ್ದರೂ ತೋರಿಸಿ. ಸೋಂಕು, ಚರ್ಮ ತೆಳುವಾಗುವುದು ಗಾಯ ಮಾಗಿ ತಿಂಗಳುಗಳಾದ ಮೇಲೂ ಬರಬಹುದು.

ಜನ ಕೆಡಿಸಿಕೊಳ್ಳುವುದನ್ನು ನಾನು ಕಂಡಿರುವುದು ಇಲ್ಲಿ. ಊತವನ್ನು ಒತ್ತಿ ನೋಡುತ್ತಾರೆ. ಬಿಸಿ ಶಾಖ ಕೊಡುತ್ತಾರೆ. ಗಾಯಕ್ಕೆ ಪೌಡರ್ ಉದುರಿಸುತ್ತಾರೆ. ಅದು ಹೊಲಿಗೆಯ ಮೇಲೆ ಹೆಪ್ಪುಗಟ್ಟಿ ಕೆಳಗೆ ಏನಾಗುತ್ತಿದೆ ಎಂದೇ ಕಾಣದು. ಮನೆಯಲ್ಲಿದ್ದರೆ ಎಸೆಯಿರಿ. ಯಾರಾದರೂ ಸೂಜಿ ಚುಚ್ಚಿ ರಕ್ತ ತೆಗೆಯುತ್ತೇವೆ ಎಂದರೆ ಬೇಡ ಎನ್ನಿ, ಸೂಜಿಯ ಜೊತೆ ಕ್ರಿಮಿಯೂ ಒಳಗೆ ಹೋಗಬಹುದು. ಔಷಧಿ ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ನುಂಗುವುದಂತೂ ಬೇಡವೇ ಬೇಡ. ಜ್ವರ ತಾತ್ಕಾಲಿಕವಾಗಿ ಇಳಿಯುತ್ತದೆ, ಆಮೇಲೆ ರಕ್ತ ಪರೀಕ್ಷೆಯಲ್ಲಿ ಕ್ರಿಮಿ ಸಿಗದೇ ಹೋಗಬಹುದು. ಸಮಯ ಹೋಗುತ್ತದೆ. ಮೊದಲು ರಕ್ತದ ಕಲ್ಚರ್ (ರಕ್ತದಲ್ಲಿರುವ ಕ್ರಿಮಿಯನ್ನು ಬೆಳೆಸಿ ಗುರುತಿಸುವ ಪರೀಕ್ಷೆ), ಆಮೇಲೆ ಮಾತ್ರೆ.

ಹೆಜ್ಜೆ 3: ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಊತಕ್ಕೆ ಹೆದರಿ ನಿಲ್ಲಿಸಿದರೆ ಪಾರ್ಶ್ವವಾಯುವಿನ ಅಪಾಯ ಇದೆ.

ಹೆಜ್ಜೆ 4: ತೋಳು ಆಡಿಸಿ. ಹೊಸ ಲೀಡ್ ಹಾಕಿದ್ದರೆ ಕೆಲವು ವಾರ ಭುಜಕ್ಕಿಂತ ಮೇಲೆ ಎತ್ತಬಾರದು, ಆದರೆ ಎದೆಗೆ ಅಂಟಿಸಿಕೊಂಡು ಕೂತರೆ ಭುಜ ಹಿಡಿದುಕೊಳ್ಳುತ್ತದೆ.

ಹೆಜ್ಜೆ 5: ನಾಡಿಯನ್ನು ಪೂರ್ತಿ ಒಂದು ನಿಮಿಷ ಬೆರಳಿಟ್ಟು ಎಣಿಸಿ. ವಾಚು, ಆ್ಯಪ್‌ಗಳನ್ನು ನಾನು ನೆಚ್ಚುವುದಿಲ್ಲ, ನಡುವೆ ಬರುವ ಹೆಚ್ಚುವರಿ ಬಡಿತಕ್ಕೆ ಅವು ಲೆಕ್ಕ ತಪ್ಪುತ್ತವೆ. ಕಾರ್ಡ್‌ನಲ್ಲಿರುವ ಕನಿಷ್ಠಕ್ಕಿಂತ ಮತ್ತೆ ಮತ್ತೆ ಕಡಿಮೆ ಬಂದರೆ, ತಲೆ ಸುತ್ತಿದರೆ, ಬಿಡದೆ ಬಿಕ್ಕಳಿಕೆ ಬಂದರೆ ಲೀಡ್ ಪರೀಕ್ಷೆ ಮಾಡಿಸಿ. ಪ್ರಜ್ಞೆ ತಪ್ಪಿದರೆ ನೇರ ತುರ್ತು ವಿಭಾಗಕ್ಕೆ.

ಮೊಬೈಲ್ ಡಬ್ಬಿಯಿಂದ 15 ಸೆಂಟಿಮೀಟರ್ ದೂರ ಇರಲಿ, ಎದೆ ಜೇಬಿನಲ್ಲಿ ಬೇಡ. ಆರೋಗ್ಯಕ್ಕೆ ಒಳ್ಳೆಯದೆಂದು ಮಾರುವ ಆಯಸ್ಕಾಂತದ ಸರಗಳನ್ನು ಕೊಳ್ಳಲೇಬೇಡಿ.

ಹೆಜ್ಜೆ 6: ಡಬ್ಬಿಯ ಜಾಗದಲ್ಲೇ ಸೋಂಕು ಖಚಿತವಾದರೆ ಸಾಮಾನ್ಯವಾಗಿ ಡಬ್ಬಿ, ಲೀಡ್ ಎಲ್ಲವನ್ನೂ ತೆಗೆಯಬೇಕು. 'ಮಾತ್ರೆಯಲ್ಲೇ ನೋಡೋಣ' ಎಂದು ಚೌಕಾಸಿ ಮಾಡಬೇಡಿ, ಕ್ರಿಮಿ ಲೀಡ್ ಹಿಡಿದು ಹೃದಯಕ್ಕೇ ಇಳಿಯಬಹುದು. ಮತ್ತೆ ಆಪರೇಷನ್ ಎಂದು ಕುಗ್ಗುವುದೂ ಬೇಡ. 1958ರಲ್ಲಿ ಸ್ವೀಡನ್‌ನಲ್ಲಿ ಮೊದಲ ಪೇಸ್‌ಮೇಕರ್ ಹಾಕಿಸಿಕೊಂಡ ಅರ್ನೆ ಲಾರ್ಸನ್ ಮುಂದೆ 20ಕ್ಕೂ ಹೆಚ್ಚು ಬದಲಾಯಿಸಿಕೊಂಡು 2001ರವರೆಗೆ ಬದುಕಿದ್ದರು. ಹಳೆ ಲೀಡ್ ಬಿಡಿಸುವುದು ನಾಜೂಕಿನ ಕೆಲಸ. ಅದನ್ನು ಪದೇ ಪದೇ ಮಾಡುವ ಆಸ್ಪತ್ರೆಯನ್ನೇ ಹುಡುಕಿ. ಹಳೆಯ, ಹೊಸ ಎರಡೂ ಕಾರ್ಡ್ ಜೊತೆಗೆ ಒಯ್ಯಿರಿ. ಲೀಡ್ ಹಾಕಿ ಎಷ್ಟು ವರ್ಷವಾಯಿತು ಎಂಬುದನ್ನೇ ಅವರು ಮೊದಲು ಕೇಳುವುದು.